ಚಿಕ್ಕ ಪೆಟ್ಟಿಗೆಯ ನೇರಳೆ ಎಳೆ

ಮನೆಯಿಂದ, ಮಹಡಿಯ ಕೋಣೆ
ಮಾರ್ಚ್ ೧೬, ಭಾನುವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಕಳೆದ ತಿಂಗಳು ಎಂಟನೆಯ ತಾರೀಕು ಶನಿವಾರ ಮಧ್ಯಾಹ್ನ, ನಿನ್ನ ಸಂಶೋಧನಾ ಸಂಸ್ಥೆಯ ಸಭಾಂಗಣದಲ್ಲಿ, ಕಿಕ್ಕಿರಿದು ತುಂಬಿದ ಜನರ ಎದುರು, ನಿನ್ನ ವಿಭಾಗದ ಮುಖ್ಯಸ್ಥರು ಮೈಕು ಹಿಡಿದು ಒಂದು ಮಾತು ಹೇಳಿದರು. ಶಾಲೆಯ ಮಕ್ಕಳಿಗೆಂದು ಮಾಡಿದ ನೇರಳೆ ಬಣ್ಣ ಬಾಟಲಿಯ ತಳದಲ್ಲಿ ಗಂಟುಗಂಟಾಗಿ ಕೂತದ್ದಕ್ಕೆ "ನಮ್ಮ ಕಿರಿಯ ಸಹೋದ್ಯೋಗಿಯೊಬ್ಬರ ಲೆಕ್ಕದ ತಪ್ಪು" ಕಾರಣ ಎಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಆ ವಿಭಾಗದಲ್ಲಿ ಕಂಪ್ಯೂಟರಿನ ಮುಂದೆ ಕೂತು ಲೆಕ್ಕ ಮಾಡುವವಳು ನೀನೊಬ್ಬಳೇ ಎಂದು ಊರಿಗೆಲ್ಲ ಗೊತ್ತು. ಆ ಮಾತು ಸುಳ್ಳು. ಅದು ಸುಳ್ಳೆಂದು ಹೇಳಿದವರಿಗೂ ಗೊತ್ತು. ಇಷ್ಟನ್ನು ಮೊದಲು ಬರೆದುಬಿಟ್ಟರೆ ಉಳಿದದ್ದನ್ನು ಸಮಾಧಾನವಾಗಿ ಬರೆಯಬಹುದು ಎಂದುಕೊಂಡೆ.

"ರೀ, ಮೊದಲು ಕ್ಷೇಮ ಕೇಳ್ರೀ. ಅವಳೇನು ನಿಮ್ಮ ಆಫೀಸಾ, ನೇರ ದೂರಿಗೇ ಇಳಿಯೋಕೆ?" ಎಂದು ನಿನ್ನ ಅತ್ತೆ ಬಾಗಿಲಲ್ಲಿ ನಿಂತು ಹೇಳಿ ಹೋದಳು. ಅವಳ ಮಾತಿಗೆ ತಲೆಬಾಗಿ ಕೇಳುತ್ತೇನೆ: ಆರೋಗ್ಯ ಹೇಗಿದೆ? ಆ ಊರಿನ ಚಳಿಗೆ ನಿನ್ನ ಭುಜದ ನೋವು ಮತ್ತೆ ಎದ್ದಿಲ್ಲ ತಾನೆ? ಹಗಲೆಲ್ಲ ಪರದೆ ನೋಡಿ, ಊಟದ ಹೊತ್ತಿಗೆ ಒಂದು ಬಿಸ್ಕತ್ತು ತಿಂದು, ರಾತ್ರಿ ಫೋನಿನಲ್ಲಿ "ಊಟ ಆಯ್ತು ಅತ್ತೆ" ಎನ್ನುವ ನಿನ್ನ ಉಪಾಯ ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ನಿನ್ನ ಅತ್ತೆ ಧ್ವನಿಯಿಂದಲೇ ಹೊಟ್ಟೆ ಅಳೆಯುತ್ತಾಳೆ. ಇಲ್ಲಿ ಎಲ್ಲರೂ ಸೌಖ್ಯ. ಪುಟ್ಟಿಗೆ ಮುಂದಿನ ಹಲ್ಲೊಂದು ಬಿತ್ತು. ಅದನ್ನು ನೀನು ಬರುವ ತನಕ ಎಸೆಯಕೂಡದು ಎಂದು ನನ್ನ ಕನ್ನಡಕದ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಹೀಗಾಗಿ ಕನ್ನಡಕ ಸಿಗದೆ ನಾನು ಪರದಾಡುತ್ತಿದ್ದೇನೆ, ಹಲ್ಲು ಮಾತ್ರ ಭದ್ರವಾಗಿದೆ. ನಿನ್ನ ಗಂಡ ನೀನಿಲ್ಲದಾಗಿನಿಂದ ಅಡುಗೆಮನೆಯಲ್ಲಿ ಪ್ರಯೋಗ ನಡೆಸುತ್ತಿದ್ದಾನೆ. ವಿಜ್ಞಾನಿ ನೀನೋ ಅವನೋ ಎಂದು ನಮಗೆ ಸಂಶಯ ಬಂದಿದೆ. ಫಲಿತಾಂಶ ನೋಡಿದರೆ ನೀನೇ ಎಂದು ಖಾತ್ರಿಯಾಗುತ್ತದೆ.

ಫೋನಿರುವಾಗ ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ "ಹೋಗಲಿ ಬಿಡಿ ಮಾವ" ಎಂದುಬಿಡುತ್ತೀಯ. ಕಾಗದಕ್ಕೆ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ. ಆದ್ದರಿಂದ ಪೂರ್ತಿ ಓದು.

ಮೊನ್ನೆ ನೀನು ನಿನ್ನ ಗಂಡನಿಗೆ ಹೇಳಿದ್ದನ್ನು ಅವನು ನಮಗೂ ಹೇಳಿದ. ಆ ಊರಿನ ಸಂಸ್ಥೆಯಲ್ಲಿ ಒಪ್ಪಿಕೊಂಡ ಆರು ತಿಂಗಳ ಕೆಲಸ ಮುಗಿದ ಮೇಲೂ ಅಲ್ಲೇ ಇದ್ದುಬಿಡುತ್ತೀಯಂತೆ, ಮನೆಯವರೆಲ್ಲ ಅಲ್ಲಿಗೇ ಬಂದುಬಿಡಬೇಕಂತೆ, ಇಲ್ಲಿನ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುವುದು ನಿನ್ನಿಂದಾಗದಂತೆ. ಮನೆ ಬದಲಿಸುವುದು ನನಗೆ ದೊಡ್ಡದಲ್ಲ. ಪುಸ್ತಕಗಳನ್ನು ಹೊರಲು ನಿನ್ನ ಗಂಡನಿದ್ದಾನೆ. ಆದರೆ ಮಾಡದ ತಪ್ಪಿಗೆ ಊರು ಬಿಡುವವರನ್ನು ಕಂಡರೆ ನನಗೆ ಆಗದು. ಹಾಗೆ ಊರು ಬಿಟ್ಟವರ ಜಾಗದಲ್ಲಿ ತಪ್ಪು ಮಾಡಿದವರು ಕಾಲು ಚಾಚಿ ಕೂರುತ್ತಾರೆ.

ನಿನ್ನ ಕೆಲಸ ನನಗೆ ಅರ್ಥವಾಗಿದೆಯೇ ಎಂದು ನಾನೇ ಪರೀಕ್ಷೆ ಮಾಡಿಕೊಂಡು ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದು. ಹಣ್ಣು ತರಕಾರಿಯ ನೇರಳೆ ಬಣ್ಣದ ಅಣುವನ್ನು ನೀರಿಗೆ ಬಿಟ್ಟರೆ ಅದು ಒಂಟಿಯಾಗಿ ತೇಲುತ್ತದೋ, ಗುಂಪುಗೂಡಿ ಗಂಟಾಗುತ್ತದೋ ಎಂದು ನೀನು ಕಂಪ್ಯೂಟರಿನಲ್ಲಿ ಮಾಡಿ ನೋಡುತ್ತೀಯ. ನೀನು ಅದನ್ನು ಸಿಮ್ಯುಲೇಶನ್ ಎನ್ನುತ್ತೀಯ, ನಿನ್ನ ಅತ್ತೆ ಕಂಪ್ಯೂಟರಿನ ನೀರಾಟ ಎನ್ನುತ್ತಾಳೆ. ಒಂದು ಪೆಟ್ಟಿಗೆ, ಅದರ ತುಂಬ ನೀರಿನ ಅಣುಗಳು, ನಡುವೆ ಬಣ್ಣದ ಅಣುಗಳು. ಪ್ರತಿಯೊಂದೂ ಪಕ್ಕದ್ದನ್ನು ಎಷ್ಟು ಎಳೆಯುತ್ತದೆ, ಎಷ್ಟು ತಳ್ಳುತ್ತದೆ ಎಂದು ಯಂತ್ರ ಲೆಕ್ಕ ಹಾಕುತ್ತ, ಅವುಗಳನ್ನು ಕೂದಲೆಳೆಗಿಂತ ಎಷ್ಟೋ ಕಡಿಮೆ ದೂರ ಸರಿಸಿ, ಮತ್ತೆ ಲೆಕ್ಕ ಹಾಕುತ್ತದೆ. ಯಂತ್ರ ವಾರಗಟ್ಟಲೆ ಬೆವರು ಸುರಿಸಿದರೂ ನೀರಿನ ಪಾಲಿಗೆ ಅದು ಒಮ್ಮೆ ಕಣ್ಣು ಮಿಟುಕಿಸುವುದರಲ್ಲಿ ಲಕ್ಷದಲ್ಲೊಂದು ಭಾಗವೂ ಅಲ್ಲ ಎಂದು ನೀನು ಹೇಳಿದಾಗ, ನಾನು ಕೆಲಸ ಮಾಡಿದ ಕಚೇರಿಗಿಂತ ನಿಧಾನವಾದ ಜಾಗವೂ ಲೋಕದಲ್ಲಿದೆಯಲ್ಲ ಎಂದು ನನಗೆ ಸಮಾಧಾನವಾಗಿತ್ತು.

ಅಣುಗಳಿಗೆ ಒಂದನ್ನೊಂದು ಕಂಡರೆ ಪ್ರೀತಿ, ಅದಕ್ಕೇ ಅಂಟಿಕೊಳ್ಳುತ್ತವೆ ಎಂದು ನಾನು ತಿಳಿದಿದ್ದೆ. ನೀನು ನಕ್ಕೆ. "ಪ್ರೀತಿ ಸ್ವಲ್ಪ ಇರಬಹುದು ಮಾವ, ಆದರೆ ಮುಖ್ಯ ವಿಷಯ ಅದಲ್ಲ. ಆ ಚಪ್ಪಟೆ ಮೈ ನೀರಿಗೆ ಹಿಡಿಸೋದಿಲ್ಲ. ನೀರು ತನ್ನವರ ಕೈ ಬಿಡೋಕೆ ಒಪ್ಪಲ್ಲ. ಪಾಪ ಇವು ಬೇರೆ ದಾರಿ ಇಲ್ಲದೆ ಒಂದರ ಬೆನ್ನಿಗೊಂದು ಆತುಕೊಳ್ತವೆ" ಎಂದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ತೋರಿಸಿದೆ. ಅದನ್ನು ಕೇಳಿ ನಿನ್ನ ಅತ್ತೆ "ನಮ್ಮ ಬೀದಿಯ ಹೊಸ ಬಾಡಿಗೆಯವರ ಹಾಗೆ" ಎಂದಳು. ಇಷ್ಟು ಚೆನ್ನಾಗಿ ಯಾವ ಮುಖ್ಯಸ್ಥರೂ ಹೇಳಲಾರರು.

ಇನ್ನು ಪೆಟ್ಟಿಗೆಯ ವಿಷಯ. ಪೆಟ್ಟಿಗೆಗೆ ಗೋಡೆ ಇರುವುದಿಲ್ಲ. ಬಲಗಡೆಯಿಂದ ಹೊರಗೆ ಹೋದ ಅಣು ಎಡಗಡೆಯಿಂದ ಒಳಗೆ ಬರುತ್ತದೆ ಎಂದು ನೀನು ಹೇಳಿದಾಗ ನನ್ನ ತಲೆ ಗಿರ್ರೆಂದಿತ್ತು. ಪುಟ್ಟಿಗೆ ಮಾತ್ರ ತಕ್ಷಣ ತಿಳಿಯಿತು. "ತಾತಾ, ನಿಮ್ಮ ಹಳೇ ಫೋನಿನ ಹಾವಿನ ಆಟ! ಹಾವು ಆ ಕಡೆ ಹೋಗಿ ಈ ಕಡೆ ಬರತ್ತಲ್ಲ!" ಎಂದಳು. ಆಮೇಲೆ ನೀನು ಹೇಳಿದ್ದು ನನಗೆ ಇವತ್ತಿಗೂ ಅಕ್ಷರಶಃ ನೆನಪಿದೆ: ಪರದೆ ತೀರಾ ಚಿಕ್ಕದಾದರೆ, ಹಾವಿನ ತಲೆ ಆ ಕಡೆ ಹೋಗಿ ಈ ಕಡೆ ಬರುವಷ್ಟರಲ್ಲಿ ತನ್ನ ಬಾಲವನ್ನೇ ಮುಟ್ಟಿಬಿಡುತ್ತದೆ. ಬಣ್ಣದ ಅಣುಗಳ ಸಾಲೂ ಹಾಗೇ, ಆಗ ತುದಿಯೂ ಇಲ್ಲ, ಮೊದಲೂ ಇಲ್ಲ. ನೋಡುವವರಿಗೆ ಅದು ಉದ್ದೋ ಉದ್ದದ, ಅಲುಗಾಡದ ಎಳೆಯಂತೆ ಕಾಣುತ್ತದೆ. ನಿಜವಾದ ನೀರಿನಲ್ಲಿ ಅಂಥ ಎಳೆ ಇರುವುದೇ ಇಲ್ಲ. ಅಲ್ಲಿ ತುದಿಗಳಿರುತ್ತವೆ, ತುದಿಗೆ ಇನ್ನಷ್ಟು ಅಣುಗಳು ಬಂದು ಕೂಡುತ್ತವೆ, ಕಂತೆಗಳು ಕಂತೆಗಳಿಗೆ ತೆಕ್ಕೆ ಬಿದ್ದು ಗಂಟಾಗಿ ಭಾರವಾಗಿ ತಳಕ್ಕೆ ಕೂರುತ್ತವೆ. ಬಾಟಲಿಯಲ್ಲಿ ಆದದ್ದು ಅದೇ.

ನೀನು ಮೊದಲು ದೊಡ್ಡ ಪೆಟ್ಟಿಗೆಯಲ್ಲೇ ಶುರು ಮಾಡಿದ್ದೆ. ಗಂಟುಗಳು ಬೆಳೆಯುತ್ತಿರುವುದನ್ನು ಕಂಡು ಮನೆಗೆ ಬಂದು "ಇದು ನಿಲ್ಲೋ ಬಣ್ಣ ಅಲ್ಲ ಮಾವ, ಇನ್ನೂ ಏನಾದರೂ ಸೇರಿಸಬೇಕು" ಎಂದಿದ್ದೆ. ಬಣ್ಣದ ಕಾರ್ಖಾನೆಯವರಿಗೆ ಅವಸರ. ಮುಖ್ಯಸ್ಥರಿಗೆ ಅವರಿಗಿಂತ ಅವಸರ. ಅಷ್ಟು ದೊಡ್ಡ ಪೆಟ್ಟಿಗೆಗೆ ಯಂತ್ರದ ಸಮಯ ಸಾಲದು, ಚಿಕ್ಕದರಲ್ಲಿ ಮಾಡು ಎಂದರು. ಚಿಕ್ಕದರಲ್ಲಿ ಎಳೆ ತನ್ನ ಬಾಲ ತಾನೇ ಹಿಡಿದುಕೊಂಡಿತು, ಅಂದವಾಗಿ ಕಂಡಿತು. "ಸರ್, ಇದು ಭೂತದ ಎಳೆ" ಎಂದು ನೀನು ಎದುರಿಗೇ ಹೇಳಿದೆ. "ನೋಡೋಕೆ ಚೆನ್ನಾಗಿದೆಯಲ್ಲಮ್ಮ" ಎಂದರಂತೆ. ಆ ಚಿತ್ರ ಸಂಸ್ಥೆಯ ಹೆಬ್ಬಾಗಿಲಲ್ಲಿ ಆಳೆತ್ತರಕ್ಕೆ ತೂಗಿತು, ಬಣ್ಣ ಬಾಟಲಿಗೆ ಇಳಿಯಿತು, ಕೆಲವು ವಾರಗಳಲ್ಲಿ ತಳ ಕಂಡಿತು. ಅಂಗಡಿಗಳು ಬಾಟಲಿ ಹಿಂದಿರುಗಿಸಿದವು. ಕಾರ್ಖಾನೆಯ ನೇರಳೆ ವಿಭಾಗದಲ್ಲಿ ಬಾಟಲಿ ತುಂಬುತ್ತಿದ್ದ ಹೆಂಗಸರನ್ನು ಮನೆಗೆ ಕಳಿಸಿದರು. ಆಮೇಲೆ ಬಂತು ಆ ಶನಿವಾರ.

ನೀನು ಆಗಲೇ ಆ ಊರಿಗೆ ಹೋಗಿದ್ದೆ, ನಾವು ಮೂರನೆಯ ಸಾಲಿನಲ್ಲಿದ್ದೆವು. ಆ ಮಾತು ಬಂದ ಕೂಡಲೇ ನಾನು ಎದ್ದೆ. ನಿನ್ನ ಗಂಡ ಅಂಗಿ ಹಿಡಿದು ಎಳೆದ. ಹಳೆಯ ಅಂಗಿ, ಹೊಲಿಗೆ ಬಿಟ್ಟಿತು. "ಪ್ರಶ್ನೆಗಳಿಗೆ ಸಮಯವಿಲ್ಲ, ಹೊರಗೆ ಚಹಾ ಇದೆ" ಎಂದು ವೇದಿಕೆಯಿಂದ ಘೋಷಿಸಿದರು. ಊರು ಚಹಾದ ಕಡೆ ನಡೆಯಿತು. ಚಹಾದ ಮುಂದೆ ನ್ಯಾಯಕ್ಕೆ ಸಾಲು ನಿಲ್ಲುವವರು ಯಾರು?

ಮರುವಾರದಿಂದಲೇ ಅದರ ರುಚಿ ನಮಗೆ ತಿಳಿಯಿತು. ಬೇಕರಿಯವನ ಮಗಳು ಅದೇ ಬಾಟಲಿ ತುಂಬುವ ಕೋಣೆಯಲ್ಲಿದ್ದವಳು, ಅದು ನಿನಗೂ ಗೊತ್ತು. ಅವನು ಬ್ರೆಡ್ಡು ಕಟ್ಟುತ್ತ ನಿನ್ನ ಅತ್ತೆಯನ್ನು "ನಿಮ್ಮ ಸೊಸೆ ಲೆಕ್ಕ ಕಲಿತದ್ದೆಲ್ಲಿ ಅಮ್ಮ?" ಎಂದು ಕೇಳಿದ. "ನೀನು ತೂಕ ಕಲಿತ ಶಾಲೆಯಲ್ಲೇ ಕಣಪ್ಪ" ಎಂದು ಹೇಳಿ, ಚಿಲ್ಲರೆ ತೆಗೆದುಕೊಂಡು, ನೆಟ್ಟಗೆ ಬಂದಳು. ಮನೆಗೆ ಬಂದ ಮೇಲೆ ಮಾತ್ರ ಚೀಲವನ್ನು ದೊಪ್ಪೆಂದು ಕೆಳಗೆ ಹಾಕಿದಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ" ಎಂದಳು. ಆ ಬೇಕರಿಗೆ ಈಗ ನಾನೇ ಹೋಗುತ್ತೇನೆ. ಅವನು ನನ್ನ ಮುಖ ನೋಡುವುದಿಲ್ಲ, ನಾನು ಅವನ ಬ್ರೆಡ್ಡು ಬಿಡುವುದಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮೈಕಿನಲ್ಲಿ ಕೇಳಿದ್ದನ್ನು ಅವನು ನಂಬಿದ್ದಾನೆ, ಅಷ್ಟೇ. "ಅಣುಗಳಿಗೆ ನಿಜ ಗೊತ್ತಿದೆ ಮಾವ" ಎಂದು ನೀನು ಫೋನಿನಲ್ಲಿ ನಕ್ಕೆಯಲ್ಲ, ಅಣುಗಳಿಗೆ ಗೊತ್ತು ಕಣಮ್ಮ, ಬೇಕರಿಯವನಿಗೆ ಗೊತ್ತಿಲ್ಲ. ನಾವು ಬ್ರೆಡ್ಡು ಕೊಳ್ಳುವುದು ಅವನ ಹತ್ತಿರ.

ನಾನು ಮುಖ್ಯಸ್ಥರಿಗೆ ಒಂದು ಕಾಗದ ಬರೆದೆ. ಪುಟ್ಟಿ ನನ್ನನ್ನು ತಕರಾರು ತಾತ ಎಂದು ಕರೆಯುವುದು ಸುಮ್ಮನೆ ಅಲ್ಲವಲ್ಲ. ಹೋದ ಗುರುವಾರ ಕರೆ ಬಂತು, ಬನ್ನಿ ಎಂದರು. ಹೋದೆ. ಅವರ ಕೋಣೆ ನೀನು ಹೇಳಿದ ಹಾಗೇ ಇದೆ: ಗಾಜಿನ ಕಪಾಟು, ಅದರಲ್ಲಿ ಯಾರೂ ಮುಟ್ಟದ ಪುಸ್ತಕಗಳು, ಕಿಟಕಿಯ ಪಕ್ಕ ಎಲೆ ಒರೆಸಿಟ್ಟ ಗಿಡ. ಬಾಗಿಲು ಹಾಕಿದರು. ಚಹಾ ತರಿಸಿದರು. ನಯವಾದ ಮನುಷ್ಯ, ಅದನ್ನು ಒಪ್ಪುತ್ತೇನೆ. ನನಗೆ ಹಿರಿಯರೆಂದು ಕುರ್ಚಿ ಎಳೆದು ಕೊಟ್ಟರು. "ನಮ್ಮನಮ್ಮಲ್ಲಿ ಹೇಳೋದಾದ್ರೆ, ನಿಮ್ಮ ಸೊಸೆಯದು ತಪ್ಪಿಲ್ಲ ಸ್ವಾಮಿ. ಪೆಟ್ಟಿಗೆ ಚಿಕ್ಕದು ಮಾಡಿ ಅಂದದ್ದು ನಾನೇ. ಅವರಿಗೆ ಬರೆಯುವಾಗ ನಾನು ಹೀಗೆ ಹೇಳಿದೆ ಅಂತ ಬರೀರಿ. ಒಳ್ಳೇ ಶಿಫಾರಸು ಪತ್ರ ಕೊಡ್ತೀನಿ, ಎಲ್ಲಿ ಬೇಕಾದ್ರೂ ಕೆಲಸ ಸಿಗುತ್ತೆ. ಇದನ್ನ ದೊಡ್ಡದು ಮಾಡಿದ್ರೆ ಸಂಸ್ಥೆಗೆ ಕೆಟ್ಟ ಹೆಸರು, ಅಲ್ವೇ?" ಎಂದರು. ಅವರು ಬರೆಯಿರಿ ಎಂದರು, ಬರೆದಿದ್ದೇನೆ. ಚಹಾ ಚೆನ್ನಾಗಿತ್ತು ಎನ್ನುವುದನ್ನೂ ಸೇರಿಸುತ್ತೇನೆ. ನಾನು ಕುಡಿಯಲಿಲ್ಲ, ವಾಸನೆಯಿಂದ ಹೇಳುತ್ತಿದ್ದೇನೆ.

ನಿನ್ನ ಗಂಡನಿಗೆ ಬಹಳ ನೆಮ್ಮದಿಯಾಯಿತು. "ಒಪ್ಪಿಕೊಂಡ್ರಲ್ಲ ಅಪ್ಪ, ಇನ್ನೇನು ಬೇಕು ನಿಮಗೆ? ಅವರನ್ನ ಚೌಕದಲ್ಲಿ ಬಸ್ಕಿ ಹೊಡೆಸಬೇಕಾ?" ಎಂದ. ಒಳ್ಳೆಯ ಹುಡುಗ, ತಾಯಿಯ ಹಾಗೆ ಜಗಳ ಬೇಡದವನು ಎಂದು ಬರೆಯಲು ಹೊರಟಿದ್ದೆ. ಆದರೆ ತಾಯಿ ಪಕ್ಕದಲ್ಲೇ ಕೂತು "ಅವರಿಗೆ ಬಸ್ಕಿ ಬೇಡ, ಮೈಕು ಸಾಕು" ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಮ್ಮತಕ್ಕೆ ಬಂದ ಅಪರೂಪದ ಗಳಿಗೆ ಅದು.

ನಿನಗೆ ನಾನು ಕೆಂಪುನೀರಿನವನ ಕಥೆ ಹೇಳಿಲ್ಲ. ನಾನು ನಗರದ ನೀರು ಸರಬರಾಜು ಕಚೇರಿಯಲ್ಲಿ ದೂರಿನ ಕಿಟಕಿಯಲ್ಲಿ ಕೂತಿದ್ದವನು. ಜನ ಬೈದದ್ದನ್ನು ಬರೆದುಕೊಳ್ಳುವುದೇ ನನ್ನ ಉದ್ಯೋಗ. ಈಗ ನಾನು ಬೈದದ್ದನ್ನು ಬೇರೆಯವರು ಬರೆದುಕೊಳ್ಳಲಿ ಎನ್ನುವುದೇ ನನ್ನ ನಿವೃತ್ತಿ. ಆ ಕಚೇರಿಯಲ್ಲಿ ನಮ್ಮ ಮೊದಲ ಮೇಲಧಿಕಾರಿ ಒಂದು ಪದ್ಧತಿ ಇಟ್ಟಿದ್ದರು: ದೂರು ಯಾವ ಕಿಟಕಿಯಲ್ಲಿ ಬಂತೋ, ಉತ್ತರವೂ ಅದೇ ಕಿಟಕಿಯಲ್ಲಿ, ಅಷ್ಟೇ ಜೋರಾಗಿ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ. ನೀರು ಬರದಿದ್ದುದು ನಮ್ಮ ತಪ್ಪಾದರೆ "ನಮ್ಮ ತಪ್ಪು" ಎಂದು ಕಿಟಕಿಯಲ್ಲೇ ಕೂಗಿ ಹೇಳಬೇಕು. ಎಷ್ಟು ನಾಚಿಕೆಯಾಗುತ್ತಿತ್ತು ಗೊತ್ತೇ? ಆದರೆ ಜನ ಬಯ್ಯುವುದು ಕಡಿಮೆಯಾಯಿತು.

ಅವರು ನಿವೃತ್ತರಾದರು, ಬೇರೊಬ್ಬರು ಬಂದರು. ಆ ವರ್ಷ ಊರಿನ ಅರ್ಧಭಾಗಕ್ಕೆ ನಲ್ಲಿಯಲ್ಲಿ ಕೆಂಪು ನೀರು ಬಂತು. ತುಕ್ಕು ಹಿಡಿದ ಹಳೆಯ ಪೈಪನ್ನು ಬದಲಾಯಿಸದೆ ಬಿಟ್ಟದ್ದು ಹೊಸ ಅಧಿಕಾರಿಯ ನಿರ್ಧಾರ. ಪತ್ರಿಕೆಯವರ ಮುಂದೆ ಅವರು ಹೇಳಿದ್ದು, ನೀರು ಬಿಡುವವನು ತಪ್ಪು ಕವಾಟ ತಿರುಗಿಸಿದ ಎಂದು. ಆಮೇಲೆ ಅವನನ್ನು ಕೋಣೆಗೆ ಕರೆದು, ಬೆನ್ನು ತಟ್ಟಿ, "ನಿನ್ನ ತಪ್ಪಲ್ಲ ಅಂತ ನನಗೆ ಗೊತ್ತಪ್ಪ" ಎಂದರು. ಅವನಿಗೆ ಅದೇ ದೊಡ್ಡದಾಯಿತು. ಸಿಕ್ಕವರಿಗೆಲ್ಲ "ಸಾಹೇಬರೇ ಹೇಳಿದ್ದಾರೆ" ಎಂದು ಹೇಳಿಕೊಂಡು ಓಡಾಡಿದ. ಯಾರು ನಂಬುತ್ತಾರೆ? ಸಾಯುವ ತನಕ ಊರು ಅವನನ್ನು ಕೆಂಪುನೀರಿನವನು ಎಂದೇ ಕರೆಯಿತು. ಅವನ ಮಗಳ ಮಗನಿಗೂ ಶಾಲೆಯಲ್ಲಿ ಅದೇ ಹೆಸರು ಅಂಟಿತು. ಪೈಪು ಬದಲಾಗಿ ಎಷ್ಟೋ ಕಾಲವಾಯಿತು, ಆ ಅಧಿಕಾರಿಯ ಹೆಸರು ಯಾರಿಗೂ ನೆನಪಿಲ್ಲ, ಕೆಂಪುನೀರು ಮಾತ್ರ ನೆನಪಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಮೈಕಿನಲ್ಲಿ ಹೋದ ಮಾನ ಚಹಾದ ಲೋಟದಲ್ಲಿ ಬರುತ್ತದೆಯೇ?

ಗುರುವಾರ ಸಂಜೆ ನಾನು ಪತ್ರಿಕೆಗೆ ಒಂದು ಕಾಗದ ಬರೆದಿಟ್ಟೆ. ಕಳಿಸಿಲ್ಲ. ದೂರಿನ ಕಿಟಕಿಯಲ್ಲಿ ಇನ್ನೊಂದು ನಿಯಮವೂ ಇತ್ತು: ಯಾರ ಮನೆಗೆ ನೀರು ಬಂದಿಲ್ಲವೋ ಅವರೇ ಬಂದು ಹೇಳಬೇಕು, ಪಕ್ಕದ ಮನೆಯವರು ಹೇಳಿದರೆ ನಡೆಯದು. ಹೆಸರು ನಿನ್ನದು, ಕೆಲಸ ನಿನ್ನದು. ನಿನ್ನ ಒಪ್ಪಿಗೆಯಿಲ್ಲದೆ ನಾನು ಕೂಗಾಡಿದರೆ ಅವರಿಗೂ ನನಗೂ ವ್ಯತ್ಯಾಸವೇನು? ಆದ್ದರಿಂದ ಯೋಚಿಸು. ಅವಸರ ಮಾಡುವುದಿಲ್ಲ. ಅಲ್ಲೇ ಉಳಿಯುತ್ತೇನೆ ಎಂದು ನೀನು ಗಟ್ಟಿ ಮನಸ್ಸಿನಿಂದ ಹೇಳಿದರೆ, ನಿನ್ನ ಅತ್ತೆ ಈಗಾಗಲೇ ಪಾತ್ರೆಗಳಲ್ಲಿ ಯಾವುದನ್ನು ತರುವುದು, ಯಾವುದನ್ನು ಬಿಡುವುದು ಎಂದು ನೋಡುತ್ತಿದ್ದಾಳೆ. ನನ್ನನ್ನು ಯಾವ ಗುಂಪಿಗೆ ಸೇರಿಸಿದ್ದಾಳೋ ತಿಳಿಯದು.

ನಿನ್ನ ದೊಡ್ಡ ಪೆಟ್ಟಿಗೆ ಅಲ್ಲಿನ ಯಂತ್ರದಲ್ಲಿ ಎಲ್ಲಿಯವರೆಗೆ ಬಂತು? ಗಂಟುಗಳು ಕೂಡುವ ಚಿತ್ರ ಈಗ ಪೂರ್ತಿಯಾಗಿದೆ ಎಂದು ನಿನ್ನ ಗಂಡ ಹೇಳಿದ. ಪುಟ್ಟಿ ಅದನ್ನು ನೋಡಬೇಕಂತೆ. ಅವಳು ತರಗತಿಯಲ್ಲಿ "ನಮ್ಮಮ್ಮ ನೀರಿನೊಳಗೆ ನೋಡ್ತಾಳೆ" ಎಂದು ಹೇಳಿದ್ದಕ್ಕೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ನೋಡಿ ಹಾಳು ಮಾಡ್ತಾಳೆ" ಎಂದಳಂತೆ. ಪುಟ್ಟಿ ಅಳಲಿಲ್ಲ. ನನ್ನ ಮೊಮ್ಮಗಳಲ್ಲವೇ, ದೂರು ಕೊಟ್ಟಳು. ಟೀಚರು "ಹೋಗಲಿ ಬಿಡು" ಎಂದರಂತೆ.

ಭುಜಕ್ಕೆ ಬಿಸಿ ಬಟ್ಟೆ ಇಟ್ಟುಕೋ. ಹೊತ್ತಿಗೆ ಸರಿಯಾಗಿ ತಿನ್ನು. ನಿನ್ನ ಅತ್ತೆಯ ಆಶೀರ್ವಾದ, ಪುಟ್ಟಿಯ ಮುತ್ತು, ನಿನ್ನ ಗಂಡನ ಏನೇನೋ (ಅವನೇ ಬರೆದುಕೊಳ್ಳಲಿ). ಕಣ್ಣು, ಕೈ, ಬುದ್ಧಿ ಎಲ್ಲವೂ ನಿನಗೆ ಬಹುಕಾಲ ಚುರುಕಾಗಿರಲಿ.

ನಿನ್ನನ್ನು ಮಗಳೆಂದೇ ತಿಳಿದಿರುವ
ಮಾವ

ಮರೆತ ಮಾತು, ಸೋಮವಾರ ಬೆಳಿಗ್ಗೆ: ಅವಸರ ಮಾಡುವುದಿಲ್ಲ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಅಂಚೆಗೆ ಹಾಕಲು ಚಪ್ಪಲಿ ಮೆಟ್ಟುತ್ತಿದ್ದಾಗ ಬೇಕರಿಯವನ ಮಗಳು ಬಾಗಿಲಿಗೆ ಬಂದಳು. ಜಗಳಕ್ಕಲ್ಲ. "ತಾತ, ನೇರಳೆ ವಿಭಾಗ ಮತ್ತೆ ಶುರು ಅಂತೆ. ಲೆಕ್ಕದ ತಪ್ಪು ಸರಿಯಾಯ್ತಂತೆ. ನಮ್ಮನ್ನೆಲ್ಲ ವಾಪಸ್ ಕರೀತಿದ್ದಾರೆ. ನಾನು ಸಿಕ್ಕಿದ್ದ ಬೇರೆ ಕೆಲಸ ಬಿಟ್ಟು ಹೋಗಲಾ, ಬೇಡವಾ? ನಿಮ್ಮ ಸೊಸೆಯನ್ನ ಒಂದು ಮಾತು ಕೇಳಿ ಹೇಳ್ತೀರಾ?" ಎಂದಳು. ಬಣ್ಣ ಏನಾದರೂ ಬದಲಾಗಿದೆಯೇ ಎಂದು ಕೇಳಿದೆ. ಇಲ್ಲವಂತೆ, ಅದೇ ಬಣ್ಣ, ಅದೇ ನೀರು. ಸಂಸ್ಥೆಯ ಹೆಬ್ಬಾಗಿಲಲ್ಲಿ ಅದೇ ಎಳೆಯ ಚಿತ್ರವನ್ನು ಹೊಸದಾಗಿ ಮುದ್ರಿಸಿ ಹಾಕಿದ್ದಾರಂತೆ. ನೀನು ಸುಮ್ಮನಿದ್ದರೆ ಹೋಗುವುದು ನಿನ್ನ ಹೆಸರೊಂದೇ ಎಂದುಕೊಂಡಿದ್ದೆವು ಮಗಳೇ. ಹಾಗಲ್ಲ, ಈ ಹೆಂಗಸರ ಕೆಲಸವೂ ಮತ್ತೊಮ್ಮೆ ಹೋಗುತ್ತದೆ. ಈ ತಿಂಗಳ ಇಪ್ಪತ್ತೊಂಬತ್ತು, ಶನಿವಾರ, ಅದೇ ಸಭಾಂಗಣದಲ್ಲಿ ಹೊಸ ಬಾಟಲಿ ಬಿಡುಗಡೆ. ಕಾರ್ಖಾನೆಯವರು, ಪತ್ರಿಕೆಯವರು, ಕೆಲಸಕ್ಕೆ ಮರಳುವ ಹೆಂಗಸರು ಎಲ್ಲರೂ ಇರುತ್ತಾರೆ. ದೊಡ್ಡ ಪೆಟ್ಟಿಗೆಯ ಚಿತ್ರ ಹಿಡಿದುಕೊಂಡು ಬಾ. ನಾನು ಎದ್ದು ಕೇಳಿದರೆ ಅದು ಮುದುಕನ ತಕರಾರಾಗುತ್ತದೆ, ಚಹಾ ಇದೆ ಎಂದುಬಿಡುತ್ತಾರೆ. ನೀನು ಕೇಳಿದರೆ ಅವರು ಉತ್ತರ ಕೊಡಲೇಬೇಕು. ಮುಂದಿನ ಸಾಲಿನಲ್ಲಿ ನಿನ್ನ ಅತ್ತೆ, ನಾನು, ಪುಟ್ಟಿ ಇರುತ್ತೇವೆ. ಈ ಸಲ ಅಂಗಿ ಎಳೆಯುವುದಿಲ್ಲ ಎಂದು ನಿನ್ನ ಗಂಡ ಮಾತು ಕೊಟ್ಟಿದ್ದಾನೆ. ನನ್ನೊಬ್ಬನಿಗೆ ಬಾಗಿಲು ಹಾಕಿ ಹೇಳಿದ ಮಾತನ್ನು ಅದೇ ಮೈಕಿನಲ್ಲಿ, ಊರಿನ ಎದುರು, ಬೇಕರಿಯವನಿಗೂ ಅವನ ಮಗಳಿಗೂ ಕೇಳುವ ಹಾಗೆ ಅವರು ಹೇಳಲಿ: ಪೆಟ್ಟಿಗೆ ಚಿಕ್ಕದು ಮಾಡಿಸಿದವರು ಯಾರು?